ತೊಟ್ಟಿಲು ಒರೆಸುವ ಕೈ

"ಗುರುಗಳೇ, ಒಬ್ಬರೇ ಎಲ್ಲ ಭಾರ ಹೊರುತ್ತೇನೆಂದು ಮುಂದೆ ಬಂದಿರುವಾಗ ಉಳಿದವರನ್ನು ಬಿಟ್ಟುಬಿಡಬಹುದಲ್ಲವೇ?" ಎಂದು ಶಿಷ್ಯ ಮರುಳಯ್ಯ ಕೇಳಿದ.

ಮಠದ ಹಿಂಬದಿಯ ಮನೆಯಲ್ಲಿ ಹಳೆಯ ಕಾಲದ ವಸ್ತುಗಳ ಸಂಗ್ರಹವಿತ್ತು. ಅದನ್ನು ನೋಡಿಕೊಳ್ಳುವ ಹೊಣೆ ಮರುಳಯ್ಯನದು. ಸುತ್ತಲ ಹಳ್ಳಿಗಳ ಕೆಲವು ಮನೆಯವರು ಬಳಗ ಕಟ್ಟಿಕೊಂಡು, ಕೈಲಾದದ್ದನ್ನು ಕೊಟ್ಟು ಅದನ್ನು ನಡೆಸುತ್ತಿದ್ದರು. ಈಗ ಪೇಟೆಯ ಧನಿಕರೊಬ್ಬರು ಖರ್ಚೆಲ್ಲ ತಮಗಿರಲಿ ಎಂದು ಹೇಳಿಕಳುಹಿಸಿದ್ದರು. ಮರುಳಯ್ಯನಿಗೆ ಮನಸ್ಸು ಹಗುರಾಗಿತ್ತು. ಬಳಗದವರು ಒಳ್ಳೆಯವರೇ, ಆದರೆ ಬಂದರೆ ಬೇಗ ಹೋಗುವವರಲ್ಲ. ಎಲ್ಲವನ್ನೂ ಮುಟ್ಟುತ್ತಾರೆ. ಅದು ಅಲ್ಲಿ ಏಕೆ, ಇದು ಇಲ್ಲಿ ಏಕೆ ಎಂದು ಕೇಳುತ್ತಾರೆ.

ಗುರುಗಳು ನಕ್ಕರು. ನಿನ್ನ ತಲೆನೋವು ನನಗೆ ಗೊತ್ತಪ್ಪ, ಕುಳಿತುಕೋ ಎಂದು ಈ ಕತೆ ಹೇಳಿದರು.

ಹೊಳೆಯ ದಂಡೆಯ ಮೇಲೆ ಒಂದು ಊರು. ಹಿರಿಯರು ಬಳಸಿ ಬಿಟ್ಟುಹೋದ ವಸ್ತುಗಳನ್ನಿಡಲು ಅಲ್ಲೊಂದು ಮನೆಯಿತ್ತು. ಬೀಸುವ ಕಲ್ಲು, ತಾಳೆಗರಿಯ ಕಟ್ಟು, ಯುದ್ಧದಿಂದ ಮರಳದ ಯಾರದೋ ಕತ್ತಿ, ಯಾವಳೋ ಮದುಮಗಳ ಕಾಲ್ಕಡಗ, ಅಂಥವೇ. ಅರಸನ ಆಶ್ರಯವಿರಲಿಲ್ಲ. ಊರವರ ಬಳಗವೇ ಅದಕ್ಕೆ ಆಸರೆ.

ಬಳಗ ಸೇರಲು ಇಷ್ಟೇ ಕೊಡಬೇಕೆಂಬ ಕಟ್ಟಳೆಯಿರಲಿಲ್ಲ. ಗಾಣಿಗ ಎಣ್ಣೆ ಕೊಡುತ್ತಿದ್ದ. ಕುಂಬಾರ ಹೆಂಚು ಕೊಡುತ್ತಿದ್ದ. ಏನೂ ಇಲ್ಲದವರು ಅಂಗಳ ಗುಡಿಸುತ್ತಿದ್ದರು. ಆದರೆ ಒಂದು ರೂಢಿಯನ್ನು ಮಾತ್ರ ಯಾರೂ ಬಿಡುವಂತಿರಲಿಲ್ಲ. ಸೇರಿದ ಪ್ರತಿಯೊಬ್ಬರ ಕೈಗೂ ಒಂದೊಂದು ವಸ್ತುವನ್ನು ಒಪ್ಪಿಸುತ್ತಿದ್ದರು. ಅಮಾವಾಸ್ಯೆಯ ದಿನ ನೇಗಿಲು ಹೂಡುವುದಿಲ್ಲ, ಕುಲುಮೆ ಹೊತ್ತಿಸುವುದಿಲ್ಲ. ಅಂದು ಎಲ್ಲರೂ ಬಂದು ತಮ್ಮ ತಮ್ಮ ವಸ್ತುವನ್ನು ಒರೆಸಿ, ಸ್ವಲ್ಪ ಹೊತ್ತು ಅದರ ಬಳಿ ಕುಳಿತು ಹೋಗಬೇಕು. ಸ್ವಲ್ಪ ಹೊತ್ತೆಂದರೆ ಸಂಜೆಯವರೆಗೆ. ನಿನ್ನ ಬಳಗದವರ ಹಾಗೆಯೇ, ಮರುಳಯ್ಯ.

ಆ ಊರಿನಲ್ಲಿ ಒಬ್ಬ ವರ್ತಕನಿದ್ದ. ತಾಯಿ ತೀರಿಕೊಂಡಾಗ, ಅವಳು ತನ್ನನ್ನು ತೂಗಿದ ಮರದ ತೊಟ್ಟಿಲನ್ನು ಆ ಮನೆಗೆ ಕೊಟ್ಟಿದ್ದ. ತನ್ನ ಮನೆಯಲ್ಲಿಟ್ಟುಕೊಂಡರೆ ದಿನವೂ ಅದನ್ನು ನೋಡಿ ಸಹಿಸಲಾರ. ಯಾರಿಗಾದರೂ ಕೊಟ್ಟುಬಿಡಲೂ ಮನಸ್ಸಿಲ್ಲ. ಅದನ್ನು ಒರೆಸುವುದು ಬುಟ್ಟಿ ಹೆಣೆಯುವ ಹೆಂಗಸೊಬ್ಬಳ ಪಾಲಿಗೆ ಬಂದಿತ್ತು.

ಕಾಲ ಕಳೆದಂತೆ ವರ್ತಕನ ಕೈ ತುಂಬಿತು. ತಾಯಿಯ ಹೆಸರಿನಲ್ಲಿ ಏನಾದರೂ ದೊಡ್ಡದು ಮಾಡಬೇಕೆಂಬ ಆಸೆ ಹುಟ್ಟಿತು. ಆ ಮನೆಯ ಭಾರವನ್ನೆಲ್ಲ ತಾನೇ ಹೊತ್ತ. ಗೋಡೆಗೆ ಗಾರೆ ಬಂತು, ಬಾಗಿಲಿಗೆ ಬೀಗ ಬಂತು, ಒರೆಸಲು ಸಂಬಳದ ಆಳುಗಳು ಬಂದರು. ಕುಸುರಿ ಕೆತ್ತನೆಯ ಗಂಧದ ಪೆಟ್ಟಿಗೆಯೊಂದನ್ನು ದೂರದಿಂದ ತರಿಸಿ ನಡುಮನೆಯಲ್ಲಿ ಇರಿಸಿದ. ಆಮೇಲೆ ಬಳಗದವರನ್ನು ಕರೆದು ಕೈಮುಗಿದ. ಇಷ್ಟು ದಿನ ನೀವು ಕಷ್ಟಪಟ್ಟಿರಿ, ಇನ್ನು ಬರುವ ತೊಂದರೆ ಬೇಡ ಎಂದ. ಅದು ಒಳ್ಳೆಯ ಮನಸ್ಸಿನಿಂದಲೇ ಆಡಿದ ಮಾತು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಎದ್ದುಹೋದರು. ಮುಂದಿನ ಅಮಾವಾಸ್ಯೆಯಂದು ಏನು ಮಾಡಬೇಕೆಂದು ಅವರಿಗೆ ತೋಚಲಿಲ್ಲ.

ಒಂದು ಮಳೆಗಾಲ, ವರ್ತಕ ವ್ಯಾಪಾರಕ್ಕೆಂದು ಪರಸ್ಥಳಕ್ಕೆ ಹೋಗಿದ್ದಾಗ ಹೊಳೆ ದಂಡೆ ಮೀರಿತು. ಆಳುಗಳು ಬೀಗ ಹಾಕಿ, ತಮ್ಮ ಹೆಂಡಿರು ಮಕ್ಕಳನ್ನು ಕಾಪಾಡಲು ಓಡಿದರು. ಅದನ್ನು ತಪ್ಪೆನ್ನಲಾಗದು. ಸುದ್ದಿ ಕೇಳಿ ವರ್ತಕ ಎದ್ದುಬಿದ್ದು ಬಂದ. ಅಷ್ಟರಲ್ಲಿ ನೀರು ಇಳಿದಿತ್ತು. ಬಾಗಿಲು ಮುರಿದಿತ್ತು. ಒಳಗೆ ಕೆಸರು ಬಿಟ್ಟರೆ ಏನೂ ಇರಲಿಲ್ಲ. ತೊಟ್ಟಿಲಿದ್ದ ಮೂಲೆಯಲ್ಲಿ ನಿಂತು, ಅವ್ವ ಇನ್ನೊಮ್ಮೆ ಸತ್ತಳು ಎಂದು ಅವನು ಅತ್ತ.

ಅತ್ತು ಸಾಕಾಗಿ ಮೇಲಿನ ಕೇರಿಯ ಕಡೆಗೆ ನಡೆದ. ಬುಟ್ಟಿ ಹೆಣೆಯುವ ಹೆಂಗಸಿನ ಗುಡಿಸಲ ಬಾಗಿಲು ತೆರೆದಿತ್ತು. ಒಳಗೆ ತೊಲೆಗೆ ಅವನ ತೊಟ್ಟಿಲು ಕಟ್ಟಿತ್ತು. ಅದರಲ್ಲಿ ಅವಳ ಮೊಮ್ಮಗು ಮಲಗಿತ್ತು. ಅವನನ್ನು ಕಂಡು ಅವಳು ಗಾಬರಿಯಿಂದ ಎದ್ದಳು.

"ತಪ್ಪು ತಿಳೀಬೇಡಿ ಧಣಿ. ನೆಲವೆಲ್ಲ ಹಸಿ. ಕೂಸನ್ನ ಬೇರೆಲ್ಲಿ ಮಲಗಿಸಲಿ?"

"ನಿಮ್ಮನ್ನ ಬರಬೇಡಿ ಅಂದಿದ್ದೆನಲ್ಲವ್ವ. ಆ ನೀರಿನಲ್ಲಿ ಯಾಕೆ ಹೋದೆ?"

"ಬರಬೇಡಿ ಅಂದ್ರಿ, ಬರಲಿಲ್ಲ. ಇದು ಮುಳುಗುತ್ತೆ ಅಂದಮೇಲೆ ಹೆಂಗೆ ಸುಮ್ಮನಿರಲಿ? ಈ ಕೈಯಿಂದ ಒರೆಸಿದ್ದಲ್ಲವಾ ಧಣಿ."

ಅವಳು ಮಗುವನ್ನು ಎತ್ತಿಕೊಳ್ಳಲು ಹೋದಳು. ವರ್ತಕ ತಡೆದ. ಮಗು ತಾನಾಗಿ ಏಳುವವರೆಗೆ ಅಲ್ಲೇ ಕುಳಿತು ತೊಟ್ಟಿಲು ತೂಗಿದ.

ಬಾಗಿಲು ಮುರಿದದ್ದು ಬಳಗದವರೇ. ಕತ್ತಿ ಕಮ್ಮಾರನ ಮನೆಯಲ್ಲಿತ್ತು. ತಾಳೆಗರಿ ನೇಕಾರನ ಅಟ್ಟದ ಮೇಲಿತ್ತು. ಬೀಸುವ ಕಲ್ಲನ್ನು ನೀರು ಏನು ಮಾಡೀತು? ಆದರೂ ಅದನ್ನು ಒರೆಸುತ್ತಿದ್ದ ಮುದುಕ ಬೈದು ಬೈದು ಮಕ್ಕಳ ಕೈಯಲ್ಲಿ ಹೊರಿಸಿ ತಂದಿದ್ದ. ಎಲ್ಲವೂ ಸಿಕ್ಕಿತು, ಗಂಧದ ಪೆಟ್ಟಿಗೆಯೊಂದನ್ನು ಬಿಟ್ಟು. ಅದರ ಮೇಲೆ ಯಾರಿಗೂ ಮುನಿಸಿರಲಿಲ್ಲ. ಎದೆಮಟ್ಟದ ನೀರಿನಲ್ಲಿ ಅವರವರ ಕೈ ಅವರವರ ವಸ್ತುವನ್ನೇ ಹುಡುಕಿತ್ತು. ಪೆಟ್ಟಿಗೆಯನ್ನು ಯಾರ ಕೈಗೂ ಒಪ್ಪಿಸಿರಲಿಲ್ಲ. ಅದು ಹೊಳೆಯ ಪಾಲಾಯಿತು.

ಗುರುಗಳು ಕತೆ ನಿಲ್ಲಿಸಿದರು. ಮರುಳಯ್ಯನ ಕಣ್ಣು ತೇವವಾಗಿತ್ತು. ಬಳಗವನ್ನು ಎಂದಿಗೂ ಬಿಡುವುದಿಲ್ಲ ಎಂದ. ಹಾಗಾದರೆ ಆ ಧನಿಕರಿಗೆ ನಿಮ್ಮ ನೆರವು ನಮಗೆ ಬೇಡವೆಂದು ಇಂದೇ ಹೇಳಿಕಳುಹಿಸುತ್ತೇನೆ ಎಂದು ಮೇಲೆದ್ದ.

"ಬೇಡವೆನ್ನಬೇಡ ಮಗು, ಅವರನ್ನೂ ಕರೆದು, ಒರೆಸಲು ಏನಾದರೊಂದನ್ನು ಅವರ ಕೈಗೂ ಕೊಡು" ಎಂದರು ಗುರುಗಳು.