ಹಿಂದಕ್ಕೆ ಎಳೆದ ಕಾಲಾಳು

ಹವ್ಯಾಸಿ ಆಟಗಾರರಾದ ಹನೀಫ ಮತ್ತು ತಿಪ್ಪಯ್ಯ, ತಾವು ಆಡಿ ಬರೆದಿಟ್ಟಿದ್ದ ಚದುರಂಗದಾಟವನ್ನು ಮರುದಿನ ಮತ್ತೆ ಹರಡಿಕೊಂಡು, ಬಿಳಿ ರಾಜ ಸೋತದ್ದೇಕೆಂದು ಹುಡುಕತೊಡಗಿದರು.

"ಎಲ್ಲಾ ಈ ಕಾಲಾಳಿನಿಂದ, ಪ್ರಭು," ಎಂದ ಬಿಳಿ ಮಂತ್ರಿ. "ಅವಸರಪಟ್ಟು ಮುಂದೆ ಹೋದ. ತಾನೂ ಸತ್ತ, ನಮ್ಮನ್ನೂ ಮುಳುಗಿಸಿದ."

ಆನೆ, ಕುದುರೆಗಳು ಹೌದೌದೆಂದು ತಲೆಯಾಡಿಸಿದವು. ಕಾಲಾಳಿಗೆ ಮೈಯೆಲ್ಲ ಉರಿಯಿತು. ಸತ್ತವನ ಮೇಲೆ ಗೂಬೆ ಕೂರಿಸುವುದು ಎಷ್ಟು ಸುಲಭ!

"ಹಾಗಾದರೆ ನನ್ನನ್ನು ಹಿಂದಕ್ಕೆ ಎಳೆದು ನೋಡಲಿ," ಎಂದ.

ಹನೀಫನಿಗೂ ಅದೇ ಹೊಳೆಯಿತು. ಕಾಲಾಳನ್ನು ಒಂದು ಮನೆ ಹಿಂದಕ್ಕೆ ಎಳೆದ. ಕಾಲಾಳು ಅಡ್ಡ ನಿಂತಿದ್ದ ದಾರಿ ಬಯಲಾಯಿತು. ಕಪ್ಪು ಆನೆ ನೇರವಾಗಿ ನುಗ್ಗಿತು. ನಿನ್ನೆ ಸಂಜೆಯ ತನಕ ಬದುಕಿದ್ದ ರಾಜ ಇಂದು ಎರಡೇ ನಡೆಗೆ ಬಿದ್ದ.

"ನಾನು ಸತ್ತು ಅಷ್ಟು ಹೊತ್ತು ಉಳಿಸಿಕೊಟ್ಟೆ. ಆಗ ನೀವೆಲ್ಲಿದ್ದಿರಿ, ಮಂತ್ರಿಗಳೇ?"

ನಿನ್ನೆ ಆ ಹೊತ್ತಿನಲ್ಲಿ ಮಂತ್ರಿ ದೂರದ ಮೂಲೆಯಲ್ಲಿ, ಯಾರಿಗೂ ಬೇಡವಾದ ಕಪ್ಪು ಕಾಲಾಳೊಬ್ಬನನ್ನು ಬೇಟೆಯಾಡುತ್ತಿದ್ದ.

"ಅಧಿಕಪ್ರಸಂಗಿ! ಹಿಂದೆ ಸರಿ!" ಎಂದು ಗದರಿದ.

ಕಾಲಾಳು ಕದಲಲಿಲ್ಲ.

"ಹಿಂದೆ ಹೆಜ್ಜೆಯಿಡಲು ನನಗೆ ಬಾರದು, ಮಂತ್ರಿಗಳೇ. ನಿಮಗೆ ಬರುತ್ತದೆ. ಆದರೂ ರಾಜ ನಿಮಗಾಗಿ ಕಾಯುತ್ತಿದ್ದಾಗ ನೀವು ಹಿಂದಿರುಗಲಿಲ್ಲ."