ಕೋಚ್‌ನ ಟೋಪಿ

“ಗುರುಗಳೇ, ಪಕ್ಕದ ಊರಿನವರು ಹೊಸ ಗರಡಿ ಕಟ್ಟಿದ್ದಾರೆ. ನೀನೇ ಬಂದು ನಡೆಸು ಅನ್ನುತ್ತಾರೆ. ನಾಳೆಯೊಳಗೆ ಹೇಳಬೇಕು. ಹೋಗಲೋ, ಬೇಡವೋ?” ಎಂದು ಶಿಷ್ಯ ಹಾಲಪ್ಪ ಗರಡಿಯ ವಸ್ತಾದಿ ಬೊಮ್ಮಯ್ಯನವರನ್ನು ಕೇಳಿದ.

ವಸ್ತಾದಿಗಳು ತಲೆಯ ರುಮಾಲು ಸರಿಮಾಡಿಕೊಂಡು, “ಕೂತುಕೋ, ಒಂದು ಕತೆ ಹೇಳುತ್ತೇನೆ. ನಮ್ಮ ಸೀಮೆಯದಲ್ಲ, ಅಮೆರಿಕೆಯದು” ಎಂದರು.

ನೂರು ವರ್ಷಕ್ಕೂ ಹಿಂದೆ ಅಲ್ಲೊಬ್ಬ ಕೋಚ್ ಇದ್ದ. ಕಾಲೇಜು ಹುಡುಗರಿಗೆ ಆರು ತಿಂಗಳು ಓಟ, ಆರು ತಿಂಗಳು ಫುಟ್‌ಬಾಲ್ ಕಲಿಸುತ್ತಿದ್ದ. ಅವರ ಫುಟ್‌ಬಾಲ್ ನಮ್ಮದರ ಹಾಗಲ್ಲ ಮಾರಾಯ. ಚೆಂಡನ್ನು ಎದೆಗೆ ಅವುಚಿಕೊಂಡು ನುಗ್ಗಿ ಎದುರಾಳಿಯ ಗೆರೆ ದಾಟಬೇಕು. ನುಗ್ಗಲು ದಾರಿಯೇ ಇಲ್ಲದಿದ್ದರೆ ದೂರ ಒದ್ದು ಅವರಿಗೇ ಬಿಟ್ಟುಕೊಡಬೇಕು. ಆಗ ಒಂದು ಕಟ್ಟಳೆಯೂ ಇತ್ತು: ಆಟ ಶುರುವಾದ ಮೇಲೆ ಕೋಚ್ ತುಟಿ ಬಿಚ್ಚಬಾರದು.

ಈ ಮನುಷ್ಯನಿಗೋ, ಸುಮ್ಮನಿರುವುದೆಂದರೆ ಪ್ರಾಣಸಂಕಟ. ಅಭ್ಯಾಸದಲ್ಲಿ ಒಂದೊಂದು ಹೆಜ್ಜೆಯನ್ನೂ ಕೂಗಿ ಹೇಳುವವನು. ಒಂದು ಉಪಾಯ ಹೂಡಿದ. ತಲೆಯ ಮೇಲೆ ಟೋಪಿ ಇದ್ದರೆ ನುಗ್ಗಿ, ತೆಗೆದರೆ ಒದೆಯಿರಿ ಎಂದು ಹುಡುಗರಿಗೆ ಗುಟ್ಟಾಗಿ ಹೇಳಿಕೊಟ್ಟ. ಎರಡು ವರ್ಷ ಗೆದ್ದದ್ದೇ ಗೆದ್ದದ್ದು. ಊರೆಲ್ಲ ಹೊಗಳಿತು, ಅವನೂ ಹಿಗ್ಗಿದ. ಹಿಗ್ಗದೆ ಇರುತ್ತಾನೆಯೇ!

ಮೂರನೆಯ ವರ್ಷ ಸೋಲು ಹಿಡಿಯಿತು. ಕೊನೆಯ ಆಟ ಗೆದ್ದರೆ ಇರು, ಸೋತರೆ ಹೊರಡು ಎಂದರು ಕಾಲೇಜಿನವರು. ಹೆಂಡತಿ ಮಕ್ಕಳೊಂದಿಗೆ ಆ ಊರಿನಲ್ಲೇ ಬೇರು ಬಿಟ್ಟಿದ್ದವನು. ಅನ್ನ ಇಳಿಯಲಿಲ್ಲ ಪಾಪ.

ಆಟದ ಕೊನೆಯ ಗಳಿಗೆ. ಚೆಂಡು ಅವನ ಹುಡುಗರ ಕೈಯಲ್ಲಿ, ಗೆರೆ ಎರಡೇ ಮಾರು ದೂರ. ನುಗ್ಗಿದರೆ ಗೆದ್ದ ಹಾಗೆ. ಅಷ್ಟರಲ್ಲಿ ಗಾಳಿ ಬೀಸಿ ಟೋಪಿ ಹಾರಿತು. ಓಟ ಕಲಿಸುವವನೇ ಅದರ ಹಿಂದೆ ಬಿದ್ದು ಓಡಿದ, ಸಿಗಲಿಲ್ಲ. ತಿರುಗಿ ನೋಡಿದರೆ ಹುಡುಗರ ನಾಯಕ ಆಗಲೇ ಚೆಂಡನ್ನು ಒದ್ದಿದ್ದ. ಆಟ ಹೋಯಿತು, ಅದರ ಜೊತೆಗೆ ಕೆಲಸವೂ ಹೋಯಿತು.

‘ಅಯ್ಯೋ, ಗೆರೆ ಅಲ್ಲೇ ಇತ್ತಲ್ಲೋ! ಕಣ್ಣಿಗೆ ಕಾಣಲಿಲ್ಲವೇನೋ?’ ಎಂದು ಕೋಚ್ ಅತ್ತೇಬಿಟ್ಟ.

‘ನಾನು ಗೆರೆ ನೋಡಲಿಲ್ಲ ಸಾರ್, ನಿಮ್ಮ ತಲೆ ನೋಡುತ್ತಿದ್ದೆ’ ಎಂದ ನಾಯಕ.

ಆಮೇಲೆ ಅವನಿಗೆ ಇನ್ನೊಂದು ಸಣ್ಣ ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಹದಿನೈದು ವರ್ಷ ಕಲಿಸಿದ. ಆಟ ಶುರುವಾದೊಡನೆ ಮೈದಾನಕ್ಕೆ ಬೆನ್ನು ತಿರುಗಿಸಿ ಕೂತುಬಿಡುತ್ತಿದ್ದ. ಏನಾಯಿತೆಂಬುದನ್ನು ಜನರ ಕೂಗಿನಿಂದಲೇ ತಿಳಿಯಬೇಕು. ಆದರೂ ತಿರುಗುತ್ತಿರಲಿಲ್ಲ. ಅವನ ಹುಡುಗರು ಸೋತದ್ದೂ ಉಂಟು. ಗೆರೆಯ ಹತ್ತಿರ ಬಂದು ಚೆಂಡು ಒದ್ದವನು ಮಾತ್ರ ಒಬ್ಬನೂ ಇಲ್ಲ.

ಕತೆ ಮುಗಿಯಿತು. ಹಾಲಪ್ಪ ವಸ್ತಾದಿಗಳ ಮುಖವನ್ನೇ ನೋಡುತ್ತ, “ಹಾಗಾದರೆ ಹೋಗು ಅನ್ನುತ್ತೀರಿ, ಅಲ್ಲವೇ ಗುರುಗಳೇ?” ಎಂದ.

ವಸ್ತಾದಿಗಳು ರುಮಾಲು ಬಿಚ್ಚಿ ತೊಡೆಯ ಮೇಲೆ ಇಟ್ಟುಕೊಂಡರು.

“ಇಗೋ, ತಲೆ ಬರಿದಾಯಿತು. ಒದೆಯುತ್ತೀಯೇನಪ್ಪಾ?”

ಹಾಲಪ್ಪ ಅವರ ಮುಖದಿಂದ ಕಣ್ಣು ತೆಗೆದು, ಆ ಹೊಸ ಗರಡಿಯನ್ನು ತಾನೇ ನೋಡಿ ಬರಲು ಎದ್ದ.