ಮಾದನಕೋಟೆಯ ಜೋಲಿಬುರುಜು

ಮಾದನಕೋಟೆಯ ಬಸ್ ನಿಲ್ದಾಣದಲ್ಲಿ ಇಳಿದು ಮದ್ದಿನ ಬುರುಜಿಗೆ ಹೋಗಬೇಕು ಎಂದರೆ ಆಟೋದವರು ತಲೆ ಕೆರೆದುಕೊಳ್ಳುತ್ತಾರೆ. ಕೋಟೆಯ ಬಾಗಿಲಲ್ಲಿರುವ ನೀಲಿ ಫಲಕದ ಮೇಲೆ ಆ ಹೆಸರೇ ಇದೆ ನಿಜ, ಆದರೆ ಫಲಕ ಬರೆದವರು ಊರಿನವರನ್ನು ಕೇಳಿ ಬರೆದಿಲ್ಲ. ಜೋಲಿಬುರುಜು ಎಂದು ನೋಡಿ, ಹಾಲು ಮಾರುವವನೂ ದಾರಿ ತೋರಿಸುತ್ತಾನೆ. ತರಕಾರಿ ಪೇಟೆಯನ್ನು ದಾಟಿ, ಹಳೆಯ ಸೆರೆಮನೆಯ ಮುರಿದ ಗೋಡೆಯ ಪಕ್ಕದಲ್ಲಿ ಹೋದರೆ ಬಡಗಣ ಮೂಲೆಯಲ್ಲಿ ದುಂಡನೆಯ ಬುರುಜು ಕಾಣುತ್ತದೆ. ಅದರ ಹೊಟ್ಟೆಯೊಳಗೆ ಒಂದು ಕಲ್ಲಿನ ಕೋಣೆ, ಚಾವಣಿಯ ನಡುವೆ ಒಂದು ದಪ್ಪ ಕಬ್ಬಿಣದ ಬಳೆ, ಬಳೆಯಿಂದ ಇಳಿಬಿದ್ದ ಬಟ್ಟೆಯ ಜೋಲಿ. ರಾಣಿಯೊಬ್ಬಳು ಇಲ್ಲಿ ರಾಜಕುಮಾರನನ್ನು ತೂಗುತ್ತಿದ್ದಳು ಎಂದು ಹೇಳಿ ಕಾಸು ಗಿಟ್ಟಿಸುವ ಮಾರ್ಗದರ್ಶಿಗಳು ಈಚೆಗೆ ಹುಟ್ಟಿಕೊಂಡಿದ್ದಾರೆ. ಊರಿಗೊಂದು ರಾಣಿ ಬೇಕು ಎಂಬ ಚಪಲ ಎಲ್ಲ ಊರಿಗೂ ಇದ್ದದ್ದೇ. ನಮ್ಮ ಊರಿನ ಭಾಗ್ಯ ದೊಡ್ಡದು, ಈ ಜೋಲಿ ರಾಣಿಯದಲ್ಲ.

ಹಿಂದೆ ಒಮ್ಮೆ, ಕೋಟೆಯ ದಂಡು ಚದುರಿಹೋದ ಮೇಲೆ, ಆಗಿನ ಸರಕಾರ ಈ ಕೋಟೆಯನ್ನೇ ನಗರದ ಸೆರೆಮನೆ ಮಾಡಿಕೊಂಡಿತು. ಹೊಸದಾಗಿ ಕಟ್ಟುವ ಖರ್ಚು ಉಳಿಯಿತೆಂದು ಹಿಗ್ಗಿದವರು ಅದರಲ್ಲಿ ಅಷ್ಟು ಜನ ಹಿಡಿಸಿಯಾರೇ ಎಂದು ಯೋಚಿಸಲಿಲ್ಲ. ಮೊದಮೊದಲು ಕಳ್ಳಕಾಕರಿಗೆ ಅದು ಸಾಕಾಗಿತ್ತಂತೆ. ಆಮೇಲೆ ಸುತ್ತಲ ಅಡವಿಗೆಲ್ಲ ಸರಕಾರದ ಬೇಲಿ ಬಿತ್ತು. ಒಲೆಗೆ ಕಟ್ಟಿಗೆ ತರುವುದು ನಿನ್ನೆಯವರೆಗೆ ಮನೆಗೆಲಸವಾಗಿತ್ತು, ಇಂದು ಅಪರಾಧವಾಯಿತು. ಕಟ್ಟಿಗೆ ತರುವವರು ಹೆಂಗಸರಾದ್ದರಿಂದ ಅವರೇ ಹಿಂಡುಹಿಂಡಾಗಿ ಸಿಕ್ಕಿಬಿದ್ದರು. ಅವರನ್ನು ಇರಿಸಲು ಬೇರೆ ಎಡೆಯಿಲ್ಲದೆ, ತೋಪಿನ ಮದ್ದು ಕೂಡಿಡುತ್ತಿದ್ದ ಈ ಬುರುಜಿನ ಕೋಣೆಗೆ ತುಂಬಿದರು. ಕಾಲು ಚಾಚಲು ಜಾಗವಿರಲಿಲ್ಲ. ಅರ್ಧ ಜನ ಮಲಗಿದರೆ ಉಳಿದರ್ಧ ಮೊಣಕಾಲು ಅಪ್ಪಿಕೊಂಡು ಕೂತಿರಬೇಕು. ಮಲಗಿದವರೂ ಎಲ್ಲರೂ ಒಂದೇ ಮಗ್ಗುಲಲ್ಲಿ. ಯಾರಿಗಾದರೂ ಮೈ ನೋಯಿತೆಂದರೆ ಗೋಡೆಯ ಬದಿಯವಳು "ಹೊರಳ್ರೆವ್ವಾ" ಎಂದು ಕೂಗುವಳು, ಸಾಲಿಗೆ ಸಾಲೇ ಹೊರಳುವುದು. ನೆಲದಿಂದ ತಂಡಿ ಏರುತ್ತಿತ್ತು, ಒಂದೇ ಕಿಂಡಿಯಿಂದ ಗಾಳಿ ಬರಬೇಕಾಗಿತ್ತು. ಕುಡಿಯಲು ದಿನಕ್ಕೆ ತಂಬಿಗೆ ನೀರು ಸಿಕ್ಕರೆ ಪುಣ್ಯ. ಆದರೂ ಆ ಹೆಂಗಸರು ಒಬ್ಬರಿಗೊಬ್ಬರು ಜಾತಿ ಕೇಳುವುದನ್ನು ಬಿಟ್ಟಿದ್ದರು ಎನ್ನುತ್ತಾರೆ. ತೊಡೆಗೆ ತೊಡೆ ಹತ್ತಿ ಕೂತಲ್ಲಿ ಕೇಳಿ ಮಾಡುವುದಾದರೂ ಏನು?

ಅಂಥ ಕೋಣೆಯಲ್ಲಿ ಸಂಕವ್ವ ಎಂಬ ಕಟ್ಟಿಗೆ ತರುವ ಹೆಣ್ಣುಮಗಳು ಹೆತ್ತಳು. ಹೆಣ್ಣು ಕೂಸು. ಹಿಂದೆ ಹೆತ್ತ ಎರಡು ಅವಳಿಗೆ ದಕ್ಕಿರಲಿಲ್ಲ, ಆದ್ದರಿಂದ ಇದನ್ನು ಉಳಿಸಿಕೊಳ್ಳುವುದೊಂದೇ ಅವಳ ಜೀವದ ಆಸೆಯಾಗಿತ್ತು. ಕೂಸನ್ನು ನೆಲಕ್ಕೆ ಹಾಕಿದರೆ ತಂಡಿಗೆ ಕೆಮ್ಮುತ್ತದೆ, ಮಗ್ಗುಲಲ್ಲಿ ಹಾಕಿಕೊಂಡರೆ ಸಾಲು ಹೊರಳಿದಾಗ ಅಪ್ಪಚ್ಚಿಯಾದೀತು. ಸಂಕವ್ವ ಅದನ್ನು ಎದೆಗವಚಿಕೊಂಡು ಕೂತೇ ಇರುತ್ತಿದ್ದಳು. ನಿದ್ದೆಯಿಲ್ಲದೆ ಹಾಲೂ ಬತ್ತತೊಡಗಿತು. ಕೂಸಿನ ಕೆಮ್ಮು ದಿನದಿನಕ್ಕೆ ಏರಿತು. ಕೋಣೆಯಲ್ಲಿ ಎಲ್ಲರಿಗಿಂತ ಹಿರಿಯಳು ಹುಸೇನಬಿ, ಕೋಟೆಯ ಮದ್ದಿನವರ ಮನೆತನದ ಮುದುಕಿ. ಅವಳು ಒಂದು ದಿನ ಚಾವಣಿಯ ಬಳೆಯನ್ನೇ ದಿಟ್ಟಿಸಿ ನೋಡಿ ಹೇಳಿದಳಂತೆ: "ಮದ್ದಿಗೆ ತಂಡಿ ಹತ್ತಬಾರ್ದಂತ ನಮ್ಮ ಹಿರ್‍ಯಾರು ಚೀಲಾ ಕಟ್ಟಿ ಆ ಬಳಿಗೆ ತೂಗ ಹಾಕ್ತಿದ್ರು. ಕೂಸು ಏನ್ ಮದ್ದಿಗಿಂತ ಕಡಿಮೀನ?"

ಒಬ್ಬೊಬ್ಬರಿಗೆ ಇದ್ದದ್ದು ಉಟ್ಟ ಸೀರೆ ಒಂದೇ. ಪ್ರತಿಯೊಬ್ಬಳೂ ತನ್ನ ಸೀರೆಯ ಅಂಚಿನ ದಡಿಯನ್ನು ಉದ್ದಕ್ಕೆ ಹರಿದು ಕೊಟ್ಟಳು. ಅವನ್ನೆಲ್ಲ ಹೊಸೆದು ಹಗ್ಗ ಮಾಡಿದರು, ಹುಸೇನಬಿಯ ಓಢಣಿ ಜೋಲಿಯಾಯಿತು. ಒಬ್ಬಳ ಹೆಗಲ ಮೇಲೆ ಒಬ್ಬಳು ಹತ್ತಿ ಬಳೆಗೆ ಕಟ್ಟಿದರು. ಕೂಸು ಮೊದಲ ಸಲ ನೆಮ್ಮದಿಯಿಂದ ಮಲಗಿತು, ಸಂಕವ್ವನೂ ಮಲಗಿದಳು. ಆದರೆ ಸೆರೆಮನೆಯಲ್ಲಿ ಹಗ್ಗವೆಂದರೆ ಸಣ್ಣ ಮಾತಲ್ಲ. ಅದೇ ಹಿಂದಿನ ತಿಂಗಳು ಗಂಡಸರ ಕಡೆಯ ಕೆಲವರು ಧೋತರ ಹೊಸೆದು ಗೋಡೆ ಇಳಿದು ಪರಾರಿಯಾಗಿದ್ದರು. ಇನ್ನೊಂದು ಹಗ್ಗ ಸಿಕ್ಕರೆ ನಿನ್ನ ನೌಕರಿ ಹೋಯಿತೆಂದು ತಿಳಿ ಎಂದು ಮೇಲಿನವರು ಜೇಲರ ಶೇಷಗಿರಿರಾಯರಿಗೆ ತಾಕೀತು ಮಾಡಿದ್ದರು. ರಾಯರು ಕೆಟ್ಟವರೇನಲ್ಲ. ದಿನಾ ಬೆಳಿಗ್ಗೆ ಬಾಗಿಲಲ್ಲೇ ನಿಂತು, ಮೂಗಿಗೆ ವಸ್ತ್ರ ಹಿಡಿದು, ತಲೆ ಎಣಿಸಿ ಹೋಗುವವರು. ತಲೆ ಸರಿಯಿದ್ದರೆ ಅವರ ಲೆಕ್ಕಕ್ಕೆ ಎಲ್ಲವೂ ಸರಿ.

ಜೋಲಿ ಕಟ್ಟಿದ ಮರುದಿನ ಬೆಳಿಗ್ಗೆ ಅವರ ಕಣ್ಣಿಗೆ ಹಗ್ಗ ಬಿತ್ತು. ಹೆಂಗಸರನ್ನು ಸರಿಸಿಕೊಂಡು ಒಳಗೆ ನುಗ್ಗಿದರು. ಕೂಸು ಆಗ ತಾಯಿಯ ಮಡಿಲಲ್ಲಿ ಹಾಲು ಕುಡಿಯುತ್ತಿತ್ತು. ಎಷ್ಟು ಭಾರ ತಡೆಯುತ್ತದೆ ಎಂದು ನೋಡಲು ರಾಯರು ಹಗ್ಗವನ್ನು ಹಿಡಿದು ಜಗ್ಗಿದರು. ಬರಿಯ ಜೋಲಿ ಅತ್ತಿಂದಿತ್ತ ಓಲಾಡಿತು. ಸಂಕವ್ವ ಸೆರಗು ಬಾಯಿಗೆ ತುರುಕಿಕೊಂಡಳು. ನಮ್ಮ ಸೀಮೆಯಲ್ಲಿ ಯಾವ ಮನೆಯವರನ್ನೇ ಕೇಳಿ, ಕೂಸಿಲ್ಲದ ತೊಟ್ಟಿಲನ್ನು ತೂಗುವುದಿಲ್ಲ. ತೂಗಿದರೆ ಕೂಸಿಗೆ ಆಗಿಬರುವುದಿಲ್ಲ.

"ಸಾಹೇಬ್ರ," ಎಂದಳು ಹುಸೇನಬಿ, "ಖಾಲಿ ತೊಟ್ಲಾ ತೂಗಿದ್ರಲ್ಲರೀ. ನಿಮ್ಮ ಮನ್ಯಾಗ ಹೇಳಿ ಕೊಟ್ಟಿಲ್ಲೇನು?"

ರಾಯರು ಕೆಂಡ ಮುಟ್ಟಿದವರಂತೆ ಕೈ ಹಿಂದಕ್ಕೆ ತೆಗೆದರು. ಅದು ತೊಟ್ಟಿಲು ಎಂಬುದೇ ಅವರಿಗೆ ಆಗ ಹೊಳೆದದ್ದು. ಅವರೂ ಇದೇ ಸೀಮೆಯವರು. ಅವರನ್ನೂ ಅವರ ತಾಯಿ ಖಾಲಿ ತೊಟ್ಟಿಲ ಹತ್ತಿರ ಸುಳಿಯಗೊಡದೆ ಬೆಳೆಸಿದ್ದಳು. "ನನಗ ಗೊತ್ತಾಗಲಿಲ್ಲವಾ," ಎಂದರು. "ಈಗೇನು ಮಾಡಬೇಕು ಹೇಳು."

"ತೂಗಿದ ಕೈಲೇನ ಕೂಸನ್ನ ಹಾಕ್ರಿ. ಹಾಕಿ ತೂಗ್ರಿ."

ಸಂಕವ್ವ ಹಿಂದುಮುಂದು ನೋಡಿ ಕೂಸನ್ನು ಕೊಟ್ಟಳು. ಕಿತ್ತೊಯ್ದರೆ ಎಂಬ ಭಯ ಅವಳಿಗೆ. ರಾಯರು ರುಮಾಲು ಸರಿಮಾಡಿಕೊಂಡು ಕೂಸನ್ನು ಜೋಲಿಗೆ ಹಾಕಿ ಮೆಲ್ಲಗೆ ತೂಗಿದರು. ಜೋಲಿ ಈಚೆ ಬಂದು ಒಬ್ಬಳ ಹಣೆಗೆ ತಾಗಿತು. ಆಚೆ ಹೋಗಿ ಇನ್ನೊಬ್ಬಳ ಹೆಗಲಿಗೆ ತಾಗಿತು. ಕೂಸು ಬೆಚ್ಚಿತು. ಸರೀರೆವ್ವಾ ಸರೀರಿ ಎಂದು ಹೆಂಗಸರು ಹಿಂದೆ ಹಿಂದೆ ಒತ್ತಿದರು. ಗೋಡೆಗೆ ಬೆನ್ನು ಹಚ್ಚಿ, ಹೊಟ್ಟೆ ಒಳಗೆಳೆದು, ತುದಿಗಾಲಲ್ಲಿ ನಿಂತರು. ಆಗಲೂ ಜೋಲಿ ಮೊಳದಾಚೆ ಹೋಗಲಿಲ್ಲ. ರಾಯರ ಕೈ ನಿಂತುಬಿಟ್ಟಿತು. ಬಾಗಿಲಲ್ಲಿ ನಿಂತು ದಿನಾ ಎಣಿಸಿದ ತಲೆಗಳೆಲ್ಲ ಅವರಿಗೆ ಆಗ ಮನುಷ್ಯರಾಗಿ ಕಂಡವು.

"ಒಂದು ಕೂಸನ್ನ ತೂಗಲಿಕ್ಕೆ ಜಾಗಾ ಇಲ್ಲಲ್ಲ ಇಲ್ಲೆ," ಎಂದರಂತೆ ರಾಯರು.

ಹಗ್ಗ ಬಿಚ್ಚಬೇಕೇ ಎಂದು ಕಾವಲಿನವನು ಕೇಳಿದ್ದಕ್ಕೆ, "ಕೂಸಿದ್ದ ತೊಟ್ಟಿಲು ಯಾರರ ಬಿಚ್ಚತಾರೇನು?" ಎಂದು ಗದರಿ ಹೋದರು. ಅಂದೇ ಕುದುರೆ ಲಾಯದ ಬೀಗ ತೆಗೆಸಿದರು. ತಪಾಸಣೆಗೆ ಬರುವ ಸಾಹೇಬರ ಕುದುರೆಗಳಿಗೆಂದು ಖಾಲಿ ಇಟ್ಟಿದ್ದ ಲಾಯ ಅದು. ಅರ್ಧ ಹೆಂಗಸರು ಅಲ್ಲಿಗೆ ಹೋದರು, ಕಾಲು ಚಾಚಿದರು, ಬೇಕಾದ ಮಗ್ಗುಲಿಗೆ ಹೊರಳಿದರು. ಮೇಲಿನವರಿಗೆ ರಾಯರು ಏನು ಹೇಳಿದರೋ ತಿಳಿಯದು, ಸಾಹೇಬರು ಬಂದಾಗ ಕುದುರೆಗಳು ಬೇವಿನ ಮರದ ಕೆಳಗೆ ನಿಂತವು. ಕುದುರೆಗಳೇನೂ ತಕರಾರು ಮಾಡಲಿಲ್ಲ.

ಕೂಸು ಬದುಕಿತು. ಅದಕ್ಕೆ ಸೋದರತ್ತೆಯಾಗಿ ನಿಂತು ಕಿವಿಯಲ್ಲಿ ಹೆಸರು ಕೂಗಿದವಳು ಹುಸೇನಬಿ. ಏನು ಹೆಸರು ಎಂಬುದರಲ್ಲಿ ಮಾತ್ರ ಊರಿನಲ್ಲಿ ಒಮ್ಮತವಿಲ್ಲ. ಪ್ರತಿ ಓಣಿಯವರೂ ತಮ್ಮ ಮುತ್ತಜ್ಜಿಯ ಹೆಸರು ಹೇಳಿ, ಆ ಕೂಸು ನಮ್ಮದೇ ಎನ್ನುತ್ತಾರೆ. ಜೈಲಿನ ಸಂಬಂಧವನ್ನು ಬಚ್ಚಿಡುವ ಊರುಗಳನ್ನು ಕಂಡಿದ್ದೇನೆ, ಅದಕ್ಕಾಗಿ ಜಗಳವಾಡುವ ಊರು ನಮ್ಮದೊಂದೇ ಇರಬೇಕು. ಸಂಕವ್ವನ ಬಿಡುಗಡೆಯಾದಾಗ ಅವಳು ಜೋಲಿಯನ್ನು ಒಯ್ಯಲಿಲ್ಲ. ಅಷ್ಟರಲ್ಲಿ ಇನ್ನೊಬ್ಬ ಬಸುರಿ ಕಟ್ಟಿಗೆಯ ಹೊರೆಯೊಂದಿಗೆ ಸಿಕ್ಕಿಬಿದ್ದು ಬಂದಿದ್ದಳು. ಅಂದಿನಿಂದ ಬಿಡುಗಡೆಯಾಗುವ ಪ್ರತಿ ಹೆಂಗಸೂ ತನ್ನ ಸೀರೆಯ ದಡಿ ಹರಿದು ಆ ಹಗ್ಗಕ್ಕೆ ಹೊಸೆದು ಹೋಗುವುದು ರೂಢಿಯಾಯಿತು. ಹಾಗಾಗಿ ಅದು ಸವೆಯಲಿಲ್ಲ.

ಸೆರೆಮನೆ ಊರ ಹೊರಗಿನ ಹೊಸ ಕಟ್ಟಡಕ್ಕೆ ಹೋಗಿ ಬಹಳ ಕಾಲವಾಯಿತು. ಅಲ್ಲಿಯೂ ಈಗ ಇಕ್ಕಟ್ಟೇ ಎಂದು ಕೇಳುತ್ತೇನೆ. ಅಲ್ಲಿ ಯಾವಳಾದರೂ ಹೆತ್ತ ಸುದ್ದಿ ಬಂದರೆ ನಮ್ಮ ಓಣಿಗಳಿಂದ ಹಳೆಯ ಮೆತ್ತನೆಯ ಸೀರೆಗಳ ಗಂಟು ಹೋಗುತ್ತದೆ. ಯಾವ ತಪ್ಪಿಗೆ ಬಂದವಳು ಎಂದು ಯಾರೂ ಕೇಳುವುದಿಲ್ಲ. ಇತ್ತ ಬುರುಜಿಗೆ ಎಳೆಗೂಸಿನ ತಾಯಂದಿರು ಬರುತ್ತಲೇ ಇರುತ್ತಾರೆ. ಅಲ್ಲಿ ಪೂಜಾರಿಯಿಲ್ಲ, ಹುಂಡಿಯಿಲ್ಲ. ಕೂಸನ್ನು ಜೋಲಿಗೆ ಹಾಕಿ ತೂಗಿ ಎತ್ತಿಕೊಳ್ಳುತ್ತಾರೆ, ಅಷ್ಟೇ. ಕೋಣೆ ಈಗ ಖಾಲಿ, ಹತ್ತು ಜನ ಬಂದರೂ ಬೇಕಾದಷ್ಟು ಜಾಗವಿದೆ. ಆದರೂ ತಾಯಿ ಜೋಲಿಗೆ ಕೈ ಹಚ್ಚಿದೊಡನೆ ಜೊತೆಗೆ ಬಂದ ಅಜ್ಜಿಯರು, ಅತ್ತೆಯರು, ಬೂಟು ತೊಟ್ಟ ಗಂಡಸರು, ಎಲ್ಲರೂ ಹಿಂದೆ ಸರಿದು ಗೋಡೆಗೆ ಬೆನ್ನು ಹಚ್ಚಿ, ಹೊಟ್ಟೆ ಒಳಗೆಳೆದು ನಿಲ್ಲುತ್ತಾರೆ.